ಮುಳ್ಳು ಅಲುಗದೆ

ಕೋಡಿಬಾಗದ ಶೆಡ್ಡು. ಜೂನ್ ಎರಡನೇ ವಾರ.
ಕಾಳಿ ಕೆಂಪಾಗಿ ಸಮುದ್ರಕ್ಕಿಳಿಯುತ್ತಿದೆ.
ಪ್ರವಾಸಿಗರ ಬೋಟು ದಡ ಹತ್ತಿ ಹಳೇ ಟೈರುಗಳ ಮೇಲೆ ಕೂತಿದೆ,
ಬಾಲ ಬಿಚ್ಚಿಸಿಕೊಳ್ಳಲು.

ಕೆಳಗಿನ ಸ್ಕ್ರೂ ತಿರುಗಿಸಿದೆ.
ಎಣ್ಣೆಗಿಂತ ಮೊದಲು ಒಂದು ಚಮಚೆ ನೀರು,
ಆಮೇಲೆ ಹಾಲು ಹೆಚ್ಚಾದ ಚಹಾದ ಬಣ್ಣ.
ಚೂಡಾಮಣಿ ತಾಂಡೇಲರು ಮುಖ ತಿರುಗಿಸಿ ಕೊಡೆ ಝಾಡಿಸಿದರು.
ಹೋದ ವರ್ಷವೇ ಹೇಳಿದ್ದೆ ಎಂದು ನಾನು ಅನ್ನಲಿಲ್ಲ.
ಅವರೇ ಅಂದರು:
"ಓಡ್ತಿತ್ತಲ್ಲ ಮಾರಾಯ, ಓಡೋದನ್ನ ಯಾರು ಬಿಚ್ತಾರೆ?"

ಪ್ರೊಪೆಲರ್ ಕಳಚಿದರೆ ಅದರ ಬೆನ್ನಿಗೆ
ತಂಗೂಸಿನ ಎಳೆ, ಸುತ್ತಿನ ಮೇಲೆ ಸುತ್ತು,
ಬಿಸಿಗೆ ಕರಗಿ ಬಳೆಯಷ್ಟು ಗಟ್ಟಿ.
ಚೂರಿಯಲ್ಲಿ ಸೀಳಿದೆ.
ತುದಿಗೆ ತುಕ್ಕು ತಿಂದ ಗಾಳದ ತುಂಡು,
ಅದರ ಗಂಟು ಮಾತ್ರ ಹಾಗೇ ಇತ್ತು:
ಐದು ಸುತ್ತು, ಎಡಗೈಯವರದು.
ಸೇತುವೆ ಕೆಳಗೆ ಸಂಜೆ ನೊಗಲಿಗೆ ಕೂರುವವರಲ್ಲಿ
ಎಡಗೈಯವರು ಇಬ್ಬರೋ ಮೂವರೋ.
ನಾನೂ ಒಬ್ಬ.
ಕಿಸೆಗೆ ಹಾಕಿಕೊಂಡೆ.

ಹಳೆಯ ಸೀಲ್ ಎಬ್ಬಿಸಲು ಅರ್ಧ ತಾಸು,
ತಂಗಳು ರೊಟ್ಟಿಯ ಅಂಚಿನಂತೆ ಮುರಿಯಿತು.
ಹೊಸವು ಎರಡು, ನಡುವೆ ಗ್ರೀಸು,
ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು.
ಒಂದರ ತುಟಿ ಒಳಕ್ಕೆ, ಎಣ್ಣೆ ಆಚೆ ಹೋಗದಂತೆ;
ಇನ್ನೊಂದರ ತುಟಿ ಹೊರಕ್ಕೆ, ಸಮುದ್ರ ಈಚೆ ಬರದಂತೆ.
ಕೆಲಸ ಕಲಿಸಿದ ಇನಾಸ್ ಬಾಬ
ಸುತ್ತಿಗೆ ಕಸಿದುಕೊಂಡು ಬೈಯುತ್ತಿದ್ದ:
"ನೆಟ್ಟಗೆ ಒತ್ತು. ಓರೆ ಕೂತದ್ದು ಸೀಲಲ್ಲ, ಓಲೆ."

ಬೆಲೋಸಿನ ಮಡಿಕೆಗಳಲ್ಲಿ ಚಿಪ್ಪು ಕೂತಿತ್ತು, ಅದೂ ಹೊಸದಾಯಿತು.
ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ಕಿವಿಗೊಟ್ಟೆ.
ಮರಳಿನ ಮಾತಿಲ್ಲ.

ಎಣ್ಣೆ ತುಂಬುವ ಮೊದಲು ಗಾಳಿ.
ಸೈಕಲ್ ಪಂಪು ಒತ್ತಿ, ಗೇಜಿನ ಮುಳ್ಳು ನೋಡುತ್ತ ಕೂತೆವು,
ಹದಿನೈದು ನಿಮಿಷ.
ತಗಡಿನ ಮೇಲೆ ಮಳೆ. ಬೈತಖೋಲ್ ಕಡೆಯಿಂದ ಒಂದು ಸೈರನ್ನು.
ಚೂಡಾಮಣಿಯವರು ಬೀಡಿ ಹಚ್ಚಿ ಸೇದಲು ಮರೆತರು.
"ಈಗ ಏನಾಗ್ತದೆ?"
"ಏನೂ ಆಗಬಾರದು."
"ಏನೂ ಆಗದ್ದಕ್ಕೆ ನಾನು ದುಡ್ಡು ಕೊಡ್ಬೇಕು?"
"ಹೌದು."

ಮುಳ್ಳು ಅಲುಗಲಿಲ್ಲ.

ಬಿಲ್ಲಿನಲ್ಲಿ ಎಣ್ಣೆ ಬರೆದೆ, ಬೆಲೋಸ್ ಬರೆದೆ, ಮಜೂರಿ ಬರೆದೆ.
ಪೆನ್ನು ಅಲ್ಲಿಗೆ ನಿಂತಿತು.
ಬಗ್ಗಿದಾಗ ಗಾಳ ತೊಡೆಗೆ ಚುಚ್ಚುತ್ತಿತ್ತು.
"ಸೀಲಿಂದು?" ಎಂದರು.
"ಅದು ನನ್ನ ಲೆಕ್ಕಕ್ಕೆ."
ಯಾಕೆ ಅಂತ ಅವರು ಕೇಳಿದರೋ ಏನೋ.
ಮಳೆ ಜೋರಿತ್ತು.