ಅಡ್ಡಗೆರೆ

ಲಾಟ್ವಿಯಾದಲ್ಲಿ ಮಾರ್ಚ್ ಕೊನೆ.
ಹಿಮ ಇನ್ನೂ ಬೇಲಿಯ ಬುಡ ಬಿಟ್ಟಿಲ್ಲ.
ವೆಲ್ಟಾ ಭೂರ್ಜಕ್ಕೆ ಬೈರಿಗೆ ಹಿಡಿದಿದ್ದಾಳೆ,
ಎಂಬತ್ತೊಂದರ ಮುದುಕಿ, ತಲೆಗೆ ಉಣ್ಣೆಯ ವಸ್ತ್ರ,
ಬಿಸಿಲ ಮಗ್ಗುಲಲ್ಲಿ, ಮೊಣಕಾಲೆತ್ತರಕ್ಕೆ.
ಎರಡು ಬೆರಳಾಳ ಸಾಕು,
ಮೂರಾದರೆ ಕಳ್ಳತನ, ಅನ್ನುತ್ತಾಳೆ.
ತೊಟ್ಟು. ತೊಟ್ಟು. ಬಕೆಟ್ಟಿನ ತಳಕ್ಕೆ ದನಿ ಬರುತ್ತದೆ.

ಹಳ್ಳದಂಚಿನ ಆಲ್ಡರ್ ಇದರದೇ ದಾಯಾದಿ;
ಕೊಡಲಿ ತಾಗಿದ್ದೇ ತಡ, ಕೆಂಪಗಾಗಿ
ಊರಿಗೆಲ್ಲ ಗಾಯ ತೋರಿಸುತ್ತದೆ.
(ಮೀನಿಗೆ ಅದರ ಹೊಗೆಯೇ ಆಗಬೇಕು.)
ಹೇಝಲ್ ಇನ್ನೊಂದು ಕವಲು, ಎಲೆ ಬರುವ ಮೊದಲೇ
ಹಳದಿ ಜೂಲು ಇಳಿಬಿಟ್ಟು ಗಾಳಿಯೊಡನೆ ಚೆಲ್ಲಾಟ.
ಇದು ಮಾತ್ರ ಕೊರೆದವರಿಗೆ ನೀರು ಕೊಟ್ಟು ಸುಮ್ಮನಿರುತ್ತದೆ.
ನಮ್ಮಮ್ಮನ ಹಾಗೆ, ಎಂದು ಬೈರಿಗೆ ಒರೆಸುತ್ತಾಳೆ.

ಅಪ್ಪನನ್ನು ರೈಲು ಒಯ್ದಾಗ ಇವಳಿಗೆ ನಾಲ್ಕು.
ಐದು ತುಂಬಿದ ಮೇಲೆ ಸೈಬೀರಿಯಾದಿಂದ ಬಂತು
ಅಂಗೈಯಗಲದ ತೊಗಟೆ.
ಅಲ್ಲಿ ಕಾಗದ ಇರಲಿಲ್ಲ, ಮರ ಇತ್ತು.
ಮಡಿಸಿ ಹೊಲಿದು, ಹಿಂದೆ ವಿಳಾಸ;
ಅಂಚೆಮುದ್ರೆ ಬಿದ್ದಲ್ಲಿ ಸಿಪ್ಪೆ ಚೂರು ಬಿರಿದಿತ್ತು.
ಏಳು ಸಾಲು. ಹಸು ಈದಿತೇ?
ಪೀಪಾಯಿ ನೆನೆಹಾಕಿ, ಒಣಗಿದರೆ ಸೋರುತ್ತದೆ.
ವೆಲ್ಟಾಗೆ ಬೂಟು ಇನ್ನೂ ಹಿಡಿಸುತ್ತವೆಯೇ?
ತನ್ನ ಬಗ್ಗೆ ಒಂದಕ್ಷರವಿಲ್ಲ.

ಆದರೆ ಮರಕ್ಕೆ ಹುಟ್ಟಿನಿಂದ ಬಂದ ಅಡ್ಡಗೆರೆಗಳಿದ್ದವಲ್ಲ,
ಕಪ್ಪಗೆ, ಜವೆಗೋಧಿ ಕಾಳಿನುದ್ದ,
ಅಪ್ಪ ಅವನ್ನು ತಪ್ಪಿಸಿ ತಪ್ಪಿಸಿ ಬರೆದಿದ್ದ,
ಕತ್ತಲಲ್ಲಿ, ಮಲಗಿದವರನ್ನು ತುಳಿಯದೆ ದಾಟುವವನಂತೆ.
ಓದು ಬಾರದ ವೆಲ್ಟಾ ಸರಿಯಾಗಿ ಅವುಗಳ ಮೇಲೇ ಬೆರಳಿಟ್ಟು
ಇಲ್ಲೇನಿದೆ, ಓದು, ಅಂದಳು.

ಅಮ್ಮ ದೀಪ ಹತ್ತಿರಕ್ಕೆ ಎಳೆದುಕೊಂಡಳು.
ಇಲ್ಲಿ: ನನಗೆ ಚಳಿಯಿಲ್ಲ.
ಇಲ್ಲಿ: ಗೆಳೆಯನೊಬ್ಬ ಸಿಕ್ಕಿದ್ದಾನೆ, ಮೌತ್ ಆರ್ಗನ್ ನುಡಿಸುತ್ತಾನೆ.
ಇಲ್ಲಿ, ತುಸು ತಡೆದು, ಹೊಟ್ಟೆ ತುಂಬ ರೊಟ್ಟಿ.
ಗೆರೆಗಳು ಮುಗಿಯುವವರೆಗೂ ಓದಿದಳು,
ಒಂದನ್ನೂ ಬಿಡದೆ.

ಎರಡು ಚಳಿಗಾಲ ಕಳೆದು ಇವಳು ಅಕ್ಷರ ಕಲಿತಳು.
ಶಾಲೆಯಿಂದ ಬಂದವಳೇ ಪೆಟ್ಟಿಗೆಯಿಂದ ತೊಗಟೆ ತೆಗೆದು
ಏಳೇ ಸಾಲು ಓದಿದಳು.
ಅಮ್ಮ ಒಲೆಯ ಮುಂದಿದ್ದಳು, ಬೆನ್ನು ಮಾಡಿ.
ತೊಗಟೆ ಮತ್ತೆ ಪೆಟ್ಟಿಗೆಗೆ ಹೋಯಿತು.

ಬಕೆಟ್ಟಿನ ದನಿ ಈಗ ಬದಲಾಗಿದೆ, ನೀರಿನ ಮೇಲೆ ನೀರು.
ವೆಲ್ಟಾ ತಗಡಿನ ಲೋಟ ಮುಳುಗಿಸಿ ನನ್ನತ್ತ ಚಾಚುತ್ತಾಳೆ.
ಸಿಹಿಯಾಗಿದೆಯಾ?

ಬರೀ ನೀರು. ತಣ್ಣಗೆ, ತುಸು ಕಟ್ಟಿಗೆಯ ವಾಸನೆ.

ತುಂಬ, ಅನ್ನುತ್ತೇನೆ.