ಪೀಬೆರಿ

ಪುಸ್ತಕದಲ್ಲಿ ಮೂರು ವೃತ್ತ, ನಡುವೆ ಬಾಣದ ಗುರುತು.
ಎಂಟನೇ ತರಗತಿ ಅದನ್ನು ನೋಡಿ ಒಟ್ಟಿಗೇ ಆಕಳಿಸಿತು.
ಶಾಸಕಾಂಗ ಅಂದರೆ ಕಿಟಕಿಯಾಚೆ ಕಣ್ಣು,
ಕಾರ್ಯಾಂಗ ಅಂದರೆ ಗಂಟೆ ಎಷ್ಟಾಯ್ತು ಟೀಚರ್,
ನ್ಯಾಯಾಂಗಕ್ಕೆ ಬರುವಷ್ಟರಲ್ಲಿ
ಬಿಸಿಯೂಟದ ಸಾರು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿತ್ತು.

ತಿತಿಮತಿಯ ಫೆಬ್ರುವರಿ. ಪಕ್ಕದ ತೋಟದ ಕಣದಲ್ಲಿ
ಕಾಫಿ ಒಣಗುವ ಹುಳಿ ವಾಸನೆ.
ಒಂದು ಸೇರು ಬೀಜ ಬೇಡಿ ತಂದೆ.
ಜಗಲಿಯ ಕೆಂಪು ನೆಲಕ್ಕೆ ಸೀಮೆಸುಣ್ಣದಲ್ಲಿ ಮೂರು ಮನೆ ಬರೆದು
"ಪುಸ್ತಕ ಮುಚ್ಚಿ" ಅಂದೆ.
ವರ್ಷದಲ್ಲಿ ಮೊದಲ ಸಲ ನನ್ನ ಮಾತು ಒಂದೇ ಏಟಿಗೆ ಜಾರಿಯಾಯಿತು.

ಕೈಯೆತ್ತಿದ ಇಪ್ಪತ್ನಾಲ್ಕು ಮಂದಿ ಶಾಸಕರು.
ಹಿಂದೆ ಈ ಪುಟ್ಟ ಕೊಡಗೇ ಒಂದು ರಾಜ್ಯವಾಗಿತ್ತು,
ಅದರ ಸಭೆಯಲ್ಲೂ ಇಷ್ಟೇ ಜನ ಅಂದರೆ
ಕಾವೇರಪ್ಪ ನಂಬಲಿಲ್ಲ, ಅಜ್ಜನನ್ನು ಕೇಳ್ತೇನೆ ಅಂದ.
ಜಾರಿಗೆ ಮೂವರು, ಅವರಿಗೆ ಮುಂದಾಳು ಸುಹೈಲ್, ಕೈಯಲ್ಲಿ ಅಡಿಕೋಲು.
ಉಳಿದ ಮೂವರನ್ನು ಪ್ರಜೆಗಳು ಅಂದುಬಿಟ್ಟೆ.
ಮೂವರೂ ಹಾಡಿಯ ಮಕ್ಕಳೇ ಅನ್ನುವ ಲೆಕ್ಕ
ಆ ಹೊತ್ತಿಗೆ ನನಗೆ ಹತ್ತಲಿಲ್ಲ.

ಕಾಯೊಳಗೆ ಎರಡು ಬೀಜ, ಚಪ್ಪಟೆ ಮೈಗೆ ಚಪ್ಪಟೆ ಮೈ ಒರಗಿ;
ಅವು ಮಾಡುವವರಿಗೆ, ನಡೆಸುವವರಿಗೆ.
ನೂರಕ್ಕೆ ಯಾವುದೋ ಒಂದು ಕಾಯಲ್ಲಿ ಒಂದೇ ಬೀಜ, ಗುಂಡಗೆ,
ಯಾರ ಮೈಗೂ ಒರಗದೆ ಬೆಳೆದದ್ದು, ಪೀಬೆರಿ.
ಅದು ನ್ಯಾಯಾಧೀಶರಿಗೆ.
ಯಾರಿಗೂ ಬೇಡವಾದ ಆ ಹುದ್ದೆಗೆ ಚೀಟಿ ಎತ್ತಿದರೆ ಬಂದದ್ದು ಬೊಳ್ಳಿ,
ಹಾಡಿಯವಳೇ,
ಹಾಜರಿಗೆ ಕೈಯೆತ್ತುತ್ತಾಳೆ, ದನಿ ಎತ್ತುವುದಿಲ್ಲ.

ಮೊದಲ ಕಾಯಿದೆ: ತಡವಾಗಿ ಬಂದವರು ಆ ದಿನ ಆಟಕ್ಕಿಲ್ಲ.
ಹದಿನೇಳು ಬೀಜ ಪರ, ಏಳು ವಿರೋಧ.
ಇಷ್ಟು ಸಲೀಸಾ ಅಂತ ಕಾವೇರಪ್ಪ ಕೈ ಒದರಿಕೊಂಡ.

ಮಾರನೇ ದಿನ ಹಾಡಿಯ ದಾರಿಗೆ ಅಡ್ಡ ಒಂದು ಸಲಗ,
ಕದಲುವ ಮನಸ್ಸೇ ಇಲ್ಲದ ಹಾಗೆ.
ಹತ್ತೂಮುಕ್ಕಾಲಿಗೆ ಬಂದರು ನಾಲ್ವರು, ಕಾಲ ತುಂಬ ಧೂಳು.
ಗೆರೆಯ ಮೇಲೆ ಅಡಿಕೋಲು. "ಕಾಯಿದೆ ಅಂದರೆ ಕಾಯಿದೆ."

ನಾನೇ ಜಡ್ಜು ಅನ್ನಲಿಲ್ಲ ಬೊಳ್ಳಿ.
ಕರವಸ್ತ್ರದ ಗಂಟು ಬಿಚ್ಚಿ ಪೀಬೆರಿ ತೆಗೆದು
ಆರೋಗ್ಯಮೇರಿಯ ಅಂಗೈಗಿಟ್ಟಳು:
"ನನ್ನ ಕೇಸು ನಾನು ನೋಡಬಾರದು. ನೀ ನೋಡು."
ಅದನ್ನು ನಾನು ಕಲಿಸಿರಲಿಲ್ಲ.
ಪುಟ ತಿರುವಿ ನೋಡಿದೆ, ಅಲ್ಲೂ ಇರಲಿಲ್ಲ.

ಮೇರಿ ತನ್ನ ಚಪ್ಪಟೆ ಬೀಜ ಕೆಳಗಿಟ್ಟು ಗುಂಡನೆಯದನ್ನು ಹಿಡಿದಳು.
ನಿನ್ನೆ ಅದೇ ಕಾಯಿದೆಗೆ ಹೂಂ ಅಂದವಳು;
ಸರಿಯಾ ಅದು? ನನಗಿನ್ನೂ ಅನುಮಾನ.
"ಆನೆ ನಿಂತರೆ ಏನು ಮಾಡೋದು ಅಂತ ಬರೆದಿದ್ದೀರಾ?"
"ನಮಗೆ ಬಹುಮತ ಇದೆ," ಅಂದ ಕಾವೇರಪ್ಪ.
"ಆನೆಗೆ ಗೊತ್ತಾ?"
ಜಗಲಿಯೆಲ್ಲ ನಗು. ನಗು ಇಳಿಯುವುದನ್ನೇ ಕಾದು
ಬೊಳ್ಳಿ ಅಂದಳು, ನೆಲ ನೋಡುತ್ತ, ಆದರೆ ಕೇಳುವ ಹಾಗೆ:
"ಶಾಸಕರ ಮನೇಲಿ ನಮ್ಮ ದಾರಿ ತುಳಿದವರು ಒಬ್ಬರೂ ಇಲ್ಲ."

ನನ್ನ ಕೈಯ ಸೀಮೆಸುಣ್ಣ ಮುರಿಯಿತು.
ಕಾಯಿದೆ ವಾಪಸ್, ಅಂದಳು ಮೇರಿ, ಆನೆಯನ್ನು ಸೇರಿಸಿ ತನ್ನಿ.
ಮಧ್ಯಾಹ್ನಕ್ಕೇ ತಿದ್ದುಪಡಿ: "ಆನೆ ಬಂದ ದಿನ ಬಿಟ್ಟು."
ಹೊಸದಾಗಿ ಚೀಟಿ ಹಾಕಿ ಮನೆಗಳನ್ನು ಮತ್ತೆ ತುಂಬಿದೆವು,
ಬೊಳ್ಳಿಯ ಬೀಜ ಬೊಳ್ಳಿಗೆ ಮರಳಿತು.

ಮೂರನೇ ಬೆಳಿಗ್ಗೆ ಗೋಣಿಕೊಪ್ಪದ ಬಸ್ಸು
ಅರ್ಧ ದಾರಿಯಲ್ಲಿ ಉಸಿರು ಬಿಟ್ಟು ಕೂತಿತು.
ಓಡಿ ಬಂದವಳ ಮುಂದೆ ಅಡಿಕೋಲು ಅಡ್ಡ.
"ಟೀಚರ್, ಆನೆ ಇತ್ತಾ?"
"ಇಲ್ಲಪ್ಪ, ಟೈರು."
ಸುಹೈಲ್ ಹಿಂತಿರುಗಿ ನೋಡಿದ. ಒಳಗೆ ಮೂವತ್ತು ತಲೆ,
ಬೊಳ್ಳಿಯ ಅಂಗೈಯಲ್ಲಿ ಗುಂಡು ಬೀಜ ಅತ್ತಿತ್ತ ಉರುಳುತ್ತಿದೆ.
ಹೆಗಲ ಚೀಲ ಇಳಿಸದೆ ನಿಂತೆ ಗೆರೆಯಾಚೆ,
ನಾನೇ ಎಳೆದ ಗೆರೆ,
ಕರೆಯುವವರೆಗೆ.