ಮೂರನೇ ನಂಬರ್ ಖಣಿ

ಬೆಳಿಗ್ಗೆ ಆರೂವರೆ, ವಾಘೋಲಿಯ ಕಮಾನಿನ ಹತ್ತಿರ
ಹದಿನಾಲ್ಕು ಜನ, ಹದಿನಾಲ್ಕು ಟೋಪಿ, ಒಂದೇ ದುರ್ಬೀನು.
ಎದೆಯ ಬಿಲ್ಲೆ ಓದಿ ‘ಲಕ್ಕಿ ಮ್ಯಾಡಮ್’ ಅನ್ನುತ್ತಾರೆ.
ಲಕ್ಕವ್ವ ಅಂತ ತಿದ್ದುವುದು ಬಿಟ್ಟು ಎರಡು ಚಳಿಗಾಲವಾಯಿತು.

ನಿಯಮ ಹೇಳುತ್ತೇನೆ, ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ:
ಸುಣ್ಣದ ಗೆರೆ ದಾಟಬೇಡಿ. ಸೆಂಟು ಹಚ್ಚಿದವರು ಹಿಂದೆ ಇರಿ.
ಗರಿ, ಮೊಟ್ಟೆಯ ಚಿಪ್ಪು, ಹಾವಿನ ಪೊರೆ,
ಒಂದು ಹರಳು ಕೂಡ ಇಲ್ಲಿಂದ ಹೊರಗೆ ಹೋಗಕೂಡದು.
(ಗುಡ್ಡ ಪೂರಾ ಹೋಗಿದೆ ಖರಾಡಿಗೆ, ಲಾರಿ ಲಾರಿ,
ಇಪ್ಪತ್ತೆರಡನೇ ಮಹಡಿಯಲ್ಲಿ ಕೂತಿದೆ ಈಗ.
ಇದನ್ನು ಯಾವ ಭಾಷೆಯಲ್ಲೂ ಹೇಳುವುದಿಲ್ಲ.)

ಇಳಿಯುತ್ತೇವೆ. ಕರಿಗೋಡೆ ಎರಡೂ ಕಡೆ ಏಳುತ್ತದೆ,
ಆಕಾಶ ಹರಿದ ಸೀರೆಯ ಒಂದು ಅಂಚು.
ಮಾರ್ಚಿಗೇ ಹುಲ್ಲು ಕಡ್ಡಿಯಾಗಿದೆ, ಕಾರೆಕಂಟಿಯಲ್ಲಿ ಪಿಕಳಾರ.
‘ಅರಿಝೋನಾದಲ್ಲಿ ಇಂಥದೇ ನೋಡಿದ್ದೆ,
ನದಿ ಕೊರೆದದ್ದಾ?’ ಅನ್ನುತ್ತಾರೆ ಚಿಪಳೂಣಕರ ಸರ್.
ಹೌದು ಅಂದರೂ ನಡೆಯುತ್ತದೆ.
ಆರೂವರೆ ಕೋಟಿ ವರ್ಷದ ಬೆಂಕಿ,
ಆರಿದ ಬೆಂಕಿಯ ಮೇಲೆ ಮತ್ತೊಂದು ಬೆಂಕಿ ಆರಿ
ಪದರ ಪದರ: ತರಬೇತಿಯ ಪುಸ್ತಕದ್ದು ಇಷ್ಟು, ಬಾಯಿಪಾಠ.

ಆಗ ಹಸಿರು ಬೂಟಿನ ಹುಡುಗ
ಗೋಡೆಯ ತೂತಿಗೆ ಬೆರಳು ಹಾಕಿ: ‘ಇದು ಯಾವ ಹಕ್ಕಿಯದು?’
ಮೊಳದುದ್ದ, ನೆಟ್ಟಗೆ, ಒಳಗೆ ನುಣ್ಣಗೆ.
ಪಕ್ಕದ್ದಕ್ಕೆ ಈ ವರ್ಷ ಮಣ್ಣು ಮೆತ್ತಿ ಬಾಗಿಲು ಹಾಕಿದೆ ಕಣಜ.
ಅದನ್ನು ಹೇಳಬಹುದಿತ್ತು, ಸುಳ್ಳೇನಲ್ಲ.

‘ನಮ್ಮವ್ವನದು’ ಅಂದೆ.

ಅವ್ವ ಉಳಿ ಹಿಡಿದು ತಿರುವುವಳು, ಅಪ್ಪ ಸುತ್ತಿಗೆ ಎತ್ತುವನು,
ಏಟಿಗೊಮ್ಮೆ ಕಾಲು ಸುತ್ತು.
ಗುಳೇದಗುಡ್ಡದಿಂದ ತಂದ ಹಾಡು ಇಲ್ಲಿ ಹೊಂದಲಿಲ್ಲವಂತೆ.
ಅಲ್ಲಿಯ ಕೆಂಪುಕಲ್ಲು ಸಾಲಿಗೊಂದು ಏಟಿಗೆ ಬಾಯಿಬಿಡುತ್ತಿತ್ತು,
ಇದಕ್ಕೆ ಏಟು ಮುಗಿಯುವ ಮೊದಲೇ ಹಾಡು ಮುಗಿಯುತ್ತಿತ್ತು.

ಶ್! ತಲೆ ಒಮ್ಮೆಲೇ ಎತ್ತಬೇಡಿ.
ಅರಳಿ ಬೇರಿನ ಎಡಕ್ಕೆ, ಆ ಅಟ್ಟಣೆಯ ಮೇಲೆ
ಕೊಂಬಿನ ಗೂಬೆ. ಕಲ್ಲೇ ಕಣ್ಣು ಬಿಟ್ಟಂತೆ, ಕಿತ್ತಳೆ ಬಣ್ಣ.
ಮರಿ ಎರಡು. ಮೂರನೆಯದು ಹೋದ ವಾರದಿಂದ ಕಾಣುತ್ತಿಲ್ಲ.

ಆ ಅಟ್ಟಣೆಯ ಕೆಳಗೇ, ನನಗೆ ಆರು ತುಂಬಿದ ವರ್ಷ,
ಉಗಾದಿಯ ಮರುದಿನ
ಹತ್ತದ ಬತ್ತಿ ತಡವಾಗಿ ಹತ್ತಿತು.
ಯಲಗೂರಪ್ಪ, ಅವನ ಅಳಿಯ.
ಪೊಲೀಸರು ಬರುವುದರೊಳಗೆ ಠೇಕೇದಾರ ಕಾಗದ ಬರೆಸಿ
ಅಪ್ಪನ ತಲೆಗೆ ಗೂಬೆ ಕೂರಿಸಿದ್ದ.
ಕೊನೆಯವರೆಗೂ ಅದು ಇಳಿಯಲಿಲ್ಲ.
ಬೀಳದಂತೆ ನೋಡಿಕೊಳ್ಳುವವನ ಹಾಗೆ
ಕತ್ತು ಅಲ್ಲಾಡಿಸದೆ ನಡೆಯುತ್ತಿದ್ದ.

ಈಗ ನೋಡಲು ತಲೆಗೆ ಇನ್ನೂರು ರೂಪಾಯಿ, ಮಕ್ಕಳಿಗೆ ಅರ್ಧ.
ಮರಾಠಿಯಲ್ಲಿ ಹೇಳುವಾಗ ಅದು ಬರೀ ಘುಬಡ,
ಇಲಿ ತಿನ್ನುತ್ತದೆ, ರೈತನ ಮಿತ್ರ.
ಹದಿನಾಲ್ಕು ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ.
ಅಪ್ಪ ಇದ್ದಿದ್ದರೆ ನಕ್ಕುಬಿಡುತ್ತಿದ್ದನೇನೋ. ಗೊತ್ತಿಲ್ಲ.

ಗೇಟಿನಲ್ಲಿ ಚೀಲ ತಪಾಸಣೆ ನನ್ನದೇ ಕೆಲಸ.
ಹಸಿರು ಬೂಟಿನವನ ಮುಷ್ಟಿ ಬಿಚ್ಚಿದರೆ
ಉಳಿಯ ಮುರಿದ ತಲೆ, ತುಕ್ಕು, ಬೆವರು.
ನಿಯಮದಲ್ಲಿ ಕಬ್ಬಿಣದ ಮಾತಿಲ್ಲ.
ಆದರೂ ಇಸಿದುಕೊಂಡೆ. ಅತ್ತ.

ರಾತ್ರಿ ಅವ್ವನ ಮುಂದೆ ಇಟ್ಟೆ.
ಹೆಬ್ಬೆರಳಿಂದ ತೀಡಿ, ದೀಪಕ್ಕೆ ಹಿಡಿದು,
‘ನಮ್ದಲ್ಲ ಇದು’ ಅಂದಳು.
‘ನಿಮ್ಮಪ್ಪನ ಏಟು ನಟ್ಟನಡುವ ಬೀಳತಿತ್ತು.
ಇದ್ರ ತಲಿ ಒಂದ ಕಡೀಗೆ ಹೂವಾಗೇತಿ, ನೋಡ.’
ರೊಟ್ಟಿ ಬಡಿಯಲು ಎದ್ದುಹೋದಳು.

ಮುಂದಿನ ಭಾನುವಾರ ವಾಪಸ್ ಇಟ್ಟುಬರಬೇಕು,
ಎಲ್ಲಿತ್ತೋ ಅಲ್ಲಿಗೆ.
ಎಲ್ಲಿತ್ತು ಅಂತ ಹುಡುಗನನ್ನು ಕೇಳಲಿಲ್ಲ.